ಹೇಗೂ ಹೋಗುವವರು

ದೂರದ ನಾಡುಗಳ ಬಗೆಗಿನ ನಮ್ಮ ಬರವಣಿಗೆ ಬಹುಮಟ್ಟಿಗೆ ಎರಡು ದಾರಿಗಳಲ್ಲಿ ನಡೆದುಬಂದಿದೆ. ಒಂದು ಪ್ರವಾಸ ಕಥನ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಈ ಸಾಲಿನವು. ಇಲ್ಲಿ ಬರೆಯುವವರು ನೋಡುವವರು. ಅವರ ಊಟ, ವಸತಿಯ ಭಾರ ಆ ನಗರದ ಮೇಲೆ ಬಿದ್ದಿಲ್ಲ, ಆ ನಗರದ ದುಡಿಮೆಯ ಭಾರವೂ ಅವರ ಮೇಲಿಲ್ಲ. ಇನ್ನೊಂದು ವಲಸೆಯ ಕಥನ. ಅಮೆರಿಕದಲ್ಲಿ ವೈದ್ಯರಾಗಿರುವ ಗುರುಪ್ರಸಾದ್ ಕಾಗಿನೆಲೆಯವರ ಕಾದಂಬರಿಗಳಲ್ಲಿ ಕಾಣುವಂತೆ, ಅಲ್ಲಿ ಹೋದವರು ಅಲ್ಲಿಯವರಾಗಲೇಬೇಕು. ಎಷ್ಟರ ಮಟ್ಟಿಗೆ ಆದರು, ಎಷ್ಟು ಆಗಲಿಲ್ಲ ಎಂಬುದೇ ಕಥೆ.

ಇವೆರಡರ ನಡುವೆ ಮೂರನೆಯ ಸ್ಥಿತಿಯೊಂದಿದೆ. ಒಂದು ಊರಿಗೆ ಹೋಗಿ, ಕೋಣೆ ಹಿಡಿದು, ಸಿಕ್ಕ ಕೆಲಸ ಮಾಡಿ, ಉಳಿದ ದಿನಗಳಲ್ಲಿ ಊರು ನೋಡಿ, ವರ್ಷ ತುಂಬಿದ ಮೇಲೆ ಎದ್ದು ಬರುವುದು. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತೇ ಇದೆ: ಬಿಡಾರ ಹೂಡುವುದು. ಬಿಡಾರ ಮನೆಯಲ್ಲ, ಒಂದು ರಾತ್ರಿಯ ತಂಗುದಾಣವೂ ಅಲ್ಲ. ಅಲ್ಲಿ ಒಲೆ ಹೊತ್ತುತ್ತದೆ, ಬಟ್ಟೆ ಒಣಗುತ್ತದೆ, ಪಕ್ಕದವರ ಪರಿಚಯವಾಗುತ್ತದೆ. ಆದರೆ ಗೋಡೆಗೆ ಮೊಳೆ ಹೊಡೆಯುವ ಮುನ್ನ ಎರಡು ಸಲ ಯೋಚಿಸಬೇಕಾಗುತ್ತದೆ.

ಇಂದಿನ ಸರ್ಕಾರಗಳು ಈ ಬಿಡಾರಕ್ಕೆ ಒಂದು ವೀಸಾವನ್ನೇ ಮಾಡಿಕೊಂಡಿವೆ. ಹೆಸರು ‘ವರ್ಕಿಂಗ್ ಹಾಲಿಡೇ’, ದುಡಿಮೆಯ ರಜೆ. ಆಸ್ಟ್ರೇಲಿಯಾ ಇದನ್ನು 1975ರಲ್ಲಿ ಆರಂಭಿಸಿತು. ಜಪಾನಿನ ಯುವಜನರಿಗೆ ಅಲ್ಲಿ ಈ ಅವಕಾಶ ಸಿಕ್ಕಿದ್ದು 1980ರಲ್ಲಿ, ಕೊರಿಯಾದವರಿಗೆ 1995ರಲ್ಲಿ. ಭಾರತೀಯರಿಗೆ ಇದೇ ಬಗೆಯ ‘ವರ್ಕ್ ಅಂಡ್ ಹಾಲಿಡೇ’ ವೀಸಾದ ಬಾಗಿಲು ತೆರೆದದ್ದು 2024ರಲ್ಲಿ. 18ರಿಂದ 30 ವರ್ಷದೊಳಗಿನವರಿಗೆ, ವರ್ಷಕ್ಕೆ 1,000 ಮಂದಿಗೆ, ಅದೂ ಲಾಟರಿಯ ಮೂಲಕ. ಈ ಸಾವಿರದಲ್ಲಿ ಕನ್ನಡದ ಹುಡುಗ ಹುಡುಗಿಯರೂ ಇರುತ್ತಾರೆ. ಅವರಲ್ಲಿ ಕೆಲವರಾದರೂ ಬರೆಯುತ್ತಾರೆ. ಹಾಗಾಗಿ ಈ ಅನುಭವವನ್ನು ಬೇರೆಯವರು ಹೇಗೆ ಕಥೆಯಾಗಿಸಿದ್ದಾರೆ, ಯಾವುದನ್ನು ಕಂಡಿದ್ದಾರೆ, ಯಾವುದನ್ನು ಕಾಣದೆ ಬಿಟ್ಟಿದ್ದಾರೆ ಎಂದು ನೋಡುವುದಕ್ಕೆ ಇದು ಸರಿಯಾದ ಹೊತ್ತು.

ನನಗೆ ಕಾಣುವಂತೆ ಈ ಕಥನದ ತಿರುಳು ಒಂದೇ ಮಾತಿನಲ್ಲಿದೆ: ‘ಹೇಗೂ’. ‘ಹೇಗೂ ನಾನು ಹೋಗುವವಳು’ ಎಂದು ಬಂದವಳು ಅಂದುಕೊಳ್ಳುತ್ತಾಳೆ; ಅದು ಅವಳ ಬಿಡುಗಡೆ. ‘ಹೇಗೂ ಇವಳು ಹೋಗುವವಳು’ ಎಂದು ಊರು ಅಂದುಕೊಳ್ಳುತ್ತದೆ; ಅದು ಊರಿಗೆ ಸಿಕ್ಕ ಸಲಿಗೆ. ಮಾತು ಒಂದೇ, ಆಡುವ ಬಾಯಿ ಬೇರೆ. ಈ ಎರಡೂ ಬಾಯಿಗಳ ಮಾತನ್ನು ಕೇಳಿಸಿಕೊಂಡ ಕೃತಿಗಳು ಗಟ್ಟಿಯಾಗಿವೆ. ಒಂದನ್ನೇ ಕೇಳಿಸಿಕೊಂಡವು ಜಾಹೀರಾತಾಗುತ್ತವೆ, ಇಲ್ಲವೇ ಬರೀ ದೂರಾಗುತ್ತವೆ.

*

ಮೊದಲಿಗೆ ಮಕ್ಕಳದೆಂದು ಬದಿಗಿಡಲಾಗುವ ಒಂದು ಕೃತಿ: ‘ಕೀಕೀಸ್ ಡೆಲಿವರಿ ಸರ್ವಿಸ್’. ಜಪಾನಿನ ಲೇಖಕಿ ಏಕೊ ಕಾದೊನೊ 1985ರಲ್ಲಿ ಬರೆದ ಕಾದಂಬರಿಯನ್ನು ಹಯಾವೊ ಮಿಯಾಝಾಕಿ 1989ರಲ್ಲಿ ಆ್ಯನಿಮೇಷನ್ ಚಿತ್ರವಾಗಿಸಿದರು. ಮಾಟಗಾತಿಯರ ವಂಶದಲ್ಲಿ ಹುಟ್ಟಿದ ಹುಡುಗಿ ಹದಿಮೂರು ತುಂಬಿದಾಗ ಮನೆ ಬಿಟ್ಟು, ಬೇರೆ ಮಾಟಗಾತಿ ಇಲ್ಲದ ಊರನ್ನು ಹುಡುಕಿ, ಅಲ್ಲಿ ಒಂದು ವರ್ಷ ತನ್ನ ವಿದ್ಯೆಯಿಂದ ಬದುಕಬೇಕು. ಇದು ಕಥೆಯ ಕಟ್ಟಳೆ. ವಯಸ್ಸಿನ ಮಿತಿ ಇದೆ, ಅವಧಿಯ ಮಿತಿ ಇದೆ, ದುಡಿದು ತಿನ್ನಬೇಕೆಂಬ ಷರತ್ತಿದೆ. ಪೊರಕೆ ಮತ್ತು ಕರಿ ಬೆಕ್ಕನ್ನು ತೆಗೆದುಬಿಟ್ಟರೆ ಉಳಿಯುವುದು ವೀಸಾದ ನಿಯಮಾವಳಿಯೇ.

ಚಿತ್ರದ ಮೊದಲ ಮೂವತ್ತು ನಲವತ್ತು ನಿಮಿಷಗಳನ್ನು ಹೊಸ ನಗರದಲ್ಲಿ ನೆಲೆ ಹುಡುಕುವುದರ ಪಾಠವೆಂದೇ ನೋಡಬಹುದು. ಕಡಲ ತೀರದ ಆ ನಗರವನ್ನು ಮಿಯಾಝಾಕಿ ಸ್ವೀಡನ್ನಿನ ಸ್ಟಾಕ್‌ಹೋಮ್ ಮತ್ತು ವಿಸ್ಬಿ ಪಟ್ಟಣಗಳನ್ನು ನೆನೆದು ಬಿಡಿಸಿದ್ದಾರೆ. ಮೇಲಿನಿಂದ ನೋಡಿದರೆ ಅದು ಪೋಸ್ಟ್‌ಕಾರ್ಡಿನಷ್ಟು ಚಂದ. ಕೀಕೀ ಕೆಳಗಿಳಿಯುತ್ತಾಳೆ. ಮೊದಲು ಎದುರಾಗುವುದು ವಾಹನಗಳ ದಟ್ಟಣೆ, ಅದರ ಹಿಂದೆಯೇ ಗದರುವ ಪೊಲೀಸ್, ಆಮೇಲೆ ದೊಡ್ಡವರು ಯಾರಾದರೂ ಜೊತೆಗಿದ್ದಾರೆಯೇ ಎಂದು ಕೇಳುವ ಹೋಟೆಲ್. ಸ್ವಾಗತಿಸಲು ಯಾರೂ ಬರುವುದಿಲ್ಲ, ಓಡಿಸುವುದೂ ಇಲ್ಲ. ಊರು ತನ್ನ ಪಾಡಿಗೆ ತಾನಿದೆ. ಹೊಸ ನಗರದ ಮೊದಲ ದಿನದ ಬಗ್ಗೆ ಇದಕ್ಕಿಂತ ನಿಜವಾದ ಚಿತ್ರವನ್ನು ನಾನು ಹೆಚ್ಚು ಕಡೆ ಕಂಡಿಲ್ಲ.

ಅವಳಿಗೆ ನೆಲೆ ಸಿಗುವುದು ಒಂದು ಸಣ್ಣ ಉಪಕಾರದಿಂದ. ಬೇಕರಿಗೆ ಬಂದ ತಾಯಿಯೊಬ್ಬಳು ಮಗುವಿನ ಚೀಪುವ ನಿಪ್ಪಲ್ ಮರೆತು ಹೋಗಿದ್ದಾಳೆ. ಕೀಕೀ ಹಾರಿಹೋಗಿ ಕೊಟ್ಟುಬರುತ್ತಾಳೆ. ಬೇಕರಿಯ ಒಡತಿ ಒಸೊನೊ, ತುಂಬು ಗರ್ಭಿಣಿ, ಮೇಲಿನ ಅಟ್ಟವನ್ನು ತೋರಿಸುತ್ತಾಳೆ. ಅಲ್ಲಿ ಹಿಟ್ಟಿನ ಧೂಳು. ಶೌಚಾಲಯ ಅಂಗಳದಾಚೆ. ಮರುದಿನ ಮುಂಜಾನೆ ಅಲ್ಲಿಗೆ ಹೋದ ಹುಡುಗಿ ಬೇಕರಿಯ ಯಜಮಾನ ಹೊರಗೆ ಬಂದದ್ದನ್ನು ಕಂಡು ನಾಚಿ ಬಾಗಿಲ ಮರೆಗೆ ಸರಿಯುವ ಒಂದು ಪುಟ್ಟ ದೃಶ್ಯವಿದೆ. ಕಥೆಗೆ ಅದರ ಅಗತ್ಯವಿಲ್ಲ. ಆದರೆ ಬೇರೆಯವರ ಮನೆಯಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಆ ಮುಂಜಾನೆಯ ಸಂಕೋಚ ಗೊತ್ತು.

ಒಸೊನೊ ಹೇಳುವ ಒಪ್ಪಂದವೂ ಸ್ಪಷ್ಟ: ಅಂಗಡಿಯಲ್ಲಿ ಕೈಜೋಡಿಸಿದರೆ ಕೋಣೆಗೆ ಬಾಡಿಗೆ ಇಲ್ಲ, ಫೋನು ಪುಕ್ಕಟೆ, ಬೆಳಗಿನ ತಿಂಡಿಯೂ ಸೇರಿತು. ಒಳ್ಳೆಯ ಮನಸ್ಸಿನ ಜೊತೆಗೆ ಲೆಕ್ಕವೂ ಇದೆ, ಲೆಕ್ಕ ಇರುವುದರಿಂದಲೇ ಕೀಕೀಯ ಗೌರವ ಉಳಿಯುತ್ತದೆ. ಮುಂದೆ ಅವಳು ಪಾತ್ರೆ ಪಡಗ ಕೊಳ್ಳಲು ಪೇಟೆಗೆ ಹೋಗುತ್ತಾಳೆ. ಬೆಲೆಗಳನ್ನು ನೋಡಿ, ಇನ್ನು ಕೆಲವು ದಿನ ಪ್ಯಾನ್‌ಕೇಕ್ ತಿಂದೇ ಇರಬೇಕು ಎಂದು ಬೆಕ್ಕಿಗೆ ಹೇಳುತ್ತಾಳೆ. ತನ್ನದೇ ವಯಸ್ಸಿನ ಹುಡುಗಿಯರು ಬಣ್ಣದ ಉಡುಪಿನಲ್ಲಿ ನಗುತ್ತ ಹೋಗುವಾಗ ತನ್ನ ಕಪ್ಪು ಅಂಗಿಯನ್ನು ನೋಡಿಕೊಳ್ಳುತ್ತಾಳೆ. ಅವರಿಗೆ ರಜೆ, ಇವಳಿಗೆ ದುಡಿಮೆ. ಒಂದೇ ಬೀದಿಯಲ್ಲಿ ಎರಡು ನಗರಗಳು.

ನಡುವಿನಲ್ಲಿ ಕೀಕೀಗೆ ಹಾರುವ ಶಕ್ತಿ ಹೋಗುತ್ತದೆ. ಇದನ್ನು ಬೆಳೆಯುವ ವಯಸ್ಸಿನ ತಳಮಳವೆಂದು ವಿವರಿಸುವುದು ರೂಢಿ. ಆದರೆ ಅದಕ್ಕೆ ಮುಂಚೆ ಏನಾಯಿತೆಂದು ನೋಡಿ. ಮಳೆಯಲ್ಲಿ ನೆನೆದು, ಒಬ್ಬ ಅಜ್ಜಿ ಮೊಮ್ಮಗಳಿಗೆಂದು ಅಕ್ಕರೆಯಿಂದ ಮಾಡಿಸಿದ ಮೀನಿನ ಖಾದ್ಯವನ್ನು ಕೀಕೀ ಹೊತ್ತು ತಲುಪಿಸುತ್ತಾಳೆ. ಅದನ್ನು ಬೇಯಿಸಲು ಸೌದೆ ಒಲೆ ಹೊತ್ತಿಸಿದವಳೂ ಇವಳೇ. ಬಾಗಿಲು ತೆರೆದ ಮೊಮ್ಮಗಳು ತನಗೆ ಇದು ಇಷ್ಟವೇ ಇಲ್ಲ ಎಂದು ಹೇಳಿ ಒಳಗೆ ಹೋಗುತ್ತಾಳೆ. ಕೀಕೀಗೆ ಕೂಲಿ ಸಂದಿದೆ, ಕೆಲಸ ಮುಗಿದಿದೆ. ದುಡಿಮೆಯಲ್ಲಿ ಹಾಕಿದ ಮನಸ್ಸಿಗೆ ಅಲ್ಲಿ ಜಾಗವಿಲ್ಲ ಎಂಬುದು ಮಾತ್ರ ಆ ಬಾಗಿಲಲ್ಲಿ ತಿಳಿಯುತ್ತದೆ. ಇಷ್ಟಪಟ್ಟು ಮಾಡುತ್ತಿದ್ದದ್ದು ಹೊಟ್ಟೆಪಾಡಾದಾಗ ಹಾರುವುದು ಭಾರವಾಗುತ್ತದೆ. ರಜೆ ಮತ್ತು ದುಡಿಮೆ ಎಂಬ ಎರಡು ಪದಗಳನ್ನು ಒಟ್ಟಿಗೆ ಹೊಲಿದ ಕಡೆ ದಾರ ಬಿಚ್ಚುವುದು ಇಲ್ಲಿಯೇ.

ಕಾದೊನೊ ಈ ಕಥೆಯನ್ನು ಗಾಳಿಯಿಂದ ಹಿಡಿದವರಲ್ಲ. 1935ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ಅವರು ಇಪ್ಪತ್ತರ ಹರೆಯದಲ್ಲಿ, 1959ರಲ್ಲಿ, ಹಡಗು ಹತ್ತಿ ಬ್ರೆಜಿಲ್‌ಗೆ ಹೋಗಿ ಅಲ್ಲಿ ಎರಡು ವರ್ಷ ಇದ್ದರು. ಸಾವೊ ಪೌಲೊ ನಗರದಲ್ಲಿ ಲೂಯಿಝಿನ್ಯೊ ಎಂಬ ಹುಡುಗ ಅವರಿಗೆ ಅಲ್ಲಿಯ ಭಾಷೆ ಕಲಿಸಿದ. 1970ರಲ್ಲಿ ಬಂದ ಅವರ ಮೊದಲ ಪುಸ್ತಕ ಆ ಹುಡುಗನ ಬಗ್ಗೆಯೇ. 2018ರಲ್ಲಿ ಅವರಿಗೆ ಮಕ್ಕಳ ಸಾಹಿತ್ಯದ ಅತಿ ದೊಡ್ಡ ಗೌರವವಾದ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಪ್ರಶಸ್ತಿ ಬಂತು. ಪರಊರಿನಲ್ಲಿ ಭಾಷೆ ಬಾರದ ದೊಡ್ಡವರು ಮಗುವಿನಂತಾಗುತ್ತಾರೆ, ಆಗ ಅಲ್ಲಿಯ ಮಗುವೇ ಮೇಷ್ಟರಾಗುತ್ತದೆ. ಈ ತಲೆಕೆಳಗಾದ ಸಂಬಂಧವನ್ನು ಬದುಕಿ ಬಂದವರಿಗೆ ಹದಿಮೂರರ ಹುಡುಗಿಯನ್ನು ದೊಡ್ಡವರ ನಗರಕ್ಕೆ ಕಳಿಸುವುದು ಸಹಜವಾಗಿಯೇ ತೋಚಿರಬೇಕು. ಕಾದಂಬರಿಯ ಕೊನೆಯಲ್ಲಿ, ವರ್ಷ ತುಂಬಿದ ಮೇಲೆ, ಕೀಕೀ ಮನೆಗೆ ಹೋಗಿ ಮತ್ತೆ ಆ ನಗರಕ್ಕೇ ಮರಳುತ್ತಾಳೆ. ‘ಹೇಗೂ ಹೋಗುವವಳು’ ಎಂಬ ಮಾತನ್ನು ಅವಳು ಸುಳ್ಳು ಮಾಡುವುದು ಹೀಗೆ. ಆದರೆ ನಮಗೆ ನೆನಪಿರಬೇಕು, ಅವಳಿಗೆ ಒಸೊನೊ ಸಿಕ್ಕಿದ್ದಳು.

*

ಒಸೊನೊ ಸಿಗದಿದ್ದರೆ? ಆ ಪ್ರಶ್ನೆಗೆ ಉತ್ತರವೆಂಬಂತೆ ಕಿಟ್ಟಿ ಗ್ರೀನ್ ನಿರ್ದೇಶಿಸಿದ ಆಸ್ಟ್ರೇಲಿಯಾದ ಚಿತ್ರ ‘ದಿ ರಾಯಲ್ ಹೋಟೆಲ್’ (2023) ಇದೆ. ಕೆನಡಾದವರೆಂದು ಹೇಳಿಕೊಳ್ಳುವ ಹ್ಯಾನಾ ಮತ್ತು ಲಿವ್ ಸಿಡ್ನಿಯಲ್ಲಿ ದೋಣಿಯ ಮೇಲಿನ ಪಾರ್ಟಿಯಲ್ಲಿದ್ದಾರೆ. ಸಂಗೀತ, ಬಿಸಿಲು, ಬಂದರು. ರಜೆಯ ಜಾಹೀರಾತು ಯಥಾವತ್ತು. ಆಗ ಲಿವ್‌ಳ ಕಾರ್ಡು ಕೆಲಸ ಮಾಡುವುದಿಲ್ಲ. ಮರುದಿನ ಏಜೆನ್ಸಿಯ ಮುಂದೆ ಕುಳಿತಿದ್ದಾರೆ. ಸಿಗುವ ಕೆಲಸ ಗಣಿಯೂರೊಂದರ ಪಬ್ಬಿನಲ್ಲಿ, ಜನವಸತಿಯಿಂದ ಬಹುದೂರ. ಗಂಡಸರ ಗಮನ ಸ್ವಲ್ಪ ಹೆಚ್ಚಾಗಿಯೇ ಇರುತ್ತದೆ ಎಂದು ಮೊದಲೇ ಎಚ್ಚರಿಸಲಾಗುತ್ತದೆ. ಆ ಎಚ್ಚರಿಕೆಯಲ್ಲೇ ಹೊಣೆ ಜಾರಿಸಿಕೊಂಡಾಗಿದೆ: ಹೇಳಿದ್ದೆವಲ್ಲ.

ಅಲ್ಲಿಗೆ ತಲುಪಿದಾಗ ಇವರಿಗಿಂತ ಮುಂಚಿನ ಇಬ್ಬರು ಇಂಗ್ಲಿಷ್ ಹುಡುಗಿಯರು ಹೊರಡುವ ತಯಾರಿಯಲ್ಲಿದ್ದಾರೆ. ಚಿತ್ರದ ಅತ್ಯಂತ ಹರಿತವಾದ ವಿವರ ಇದು. ಹಾಸಿಗೆಯ ಬಿಸಿ ಆರುವ ಮುಂಚೆ ಹೊಸಬರು. ಊರಿನ ಗಂಡಸರಿಗೆ ಇವರು ವ್ಯಕ್ತಿಗಳಲ್ಲ, ಒಂದು ಸರದಿ. ಬಿಲ್ಲಿ ಎಂಬ ಕುಡುಕ ಮಾಲೀಕ ಸಂಬಳವನ್ನು ಮುಂದಕ್ಕೆ ತಳ್ಳುತ್ತಾನೆ. ಸಂಬಳ ಸಿಗದೆ ಇವರು ಹೋಗುವಂತಿಲ್ಲ. ಅವನು ಮೃಗವೇನಲ್ಲ, ದಿವಾಳಿಯ ಅಂಚಿನಲ್ಲಿರುವವನು. ಗ್ರೀನ್ ಜಾಣತನ ಇರುವುದು ಎಲ್ಲಿ ಅಪಾಯ ಆರಂಭವಾಯಿತು ಎಂಬ ಗೆರೆಯನ್ನು ಸುಲಭವಾಗಿ ತೋರಿಸದೆ ಇರುವುದರಲ್ಲಿ. ತಮಾಷೆ ಯಾವಾಗ ಬೆದರಿಕೆಯಾಯಿತು? ಹ್ಯಾನಾಗೆ ಮೊದಲೇ ಅನ್ನಿಸುತ್ತದೆ. ಲಿವ್ ಸಮಾಧಾನ ಹೇಳುತ್ತಾಳೆ: ಕೆಲವೇ ವಾರಗಳಲ್ಲವೇ. ತಮ್ಮ ಊರಿನಲ್ಲಾಗಿದ್ದರೆ ಒಂದು ದಿನವೂ ಸಹಿಸದ್ದನ್ನು ಇಲ್ಲಿ ಸಹಿಸುವಂತೆ ಮಾಡುವುದು ಈ ‘ಕೆಲವೇ ವಾರ’. ಬಂದವಳ ಬಿಡುಗಡೆಯ ಮಾತು ಅವಳನ್ನೇ ಕಟ್ಟಿಹಾಕುವ ಹಗ್ಗವಾಗುವುದನ್ನು ಈ ಚಿತ್ರ ಚೆನ್ನಾಗಿ ಕಾಣಿಸುತ್ತದೆ.

ಇದರ ಹಿಂದೆ ಒಂದು ನಿಜವಾದ ದಾಖಲೆಯಿದೆ. ಪೀಟ್ ಗ್ಲೀಸನ್ ಅವರ ‘ಹೋಟೆಲ್ ಕೂಲ್ಗಾರ್ಡಿ’ (2016) ಎಂಬ ಸಾಕ್ಷ್ಯಚಿತ್ರ ಫಿನ್ಲೆಂಡಿನ ಇಬ್ಬರು ಯುವತಿಯರನ್ನು ಹಿಂಬಾಲಿಸುತ್ತದೆ. ಪರ್ತ್‌ನಿಂದ ಸುಮಾರು 550 ಕಿಲೋಮೀಟರ್ ಪೂರ್ವಕ್ಕಿರುವ ಕೂಲ್ಗಾರ್ಡಿ 1890ರ ದಶಕದ ಚಿನ್ನದ ಬೇಟೆಯಲ್ಲಿ ಹುಟ್ಟಿದ ಊರು, ಈಗ ಮಂಕಾಗಿದೆ. ಕ್ಯಾಮೆರಾ ಎದುರಿಗಿದ್ದರೂ ಅಲ್ಲಿಯ ಗಂಡಸರು ಮಾತು ಬದಲಿಸುವುದಿಲ್ಲ. ತಾವು ಆಡುತ್ತಿರುವುದರಲ್ಲಿ ತಪ್ಪಿದೆ ಎಂದು ಅವರಿಗೆ ಅನ್ನಿಸಿಯೇ ಇಲ್ಲ. ಕಥಾಚಿತ್ರದ ಕೊನೆಯಲ್ಲಿ ಗ್ರೀನ್ ಆ ಪಬ್ಬಿಗೆ ಬೆಂಕಿ ಹಚ್ಚಿಸುತ್ತಾರೆ. ನೋಡುವವರಿಗೆ ಒಂದು ನಿಟ್ಟುಸಿರು ಸಿಗುತ್ತದೆ ನಿಜ. ಆದರೆ ಅದು ಚಿತ್ರದ ದೌರ್ಬಲ್ಯವೆಂದೇ ನನಗೆ ಅನ್ನಿಸುತ್ತದೆ. ಒಂದೂವರೆ ಗಂಟೆ ಕಾಲ ಗೆರೆ ಎಲ್ಲಿದೆ ಎಂದು ಕಾಡಿದ ಚಿತ್ರ, ಕೊನೆಗೆ ಎಲ್ಲವನ್ನೂ ಒಂದು ಕಟ್ಟಡದ ಮೇಲೆ ಹಾಕಿ ಸುಟ್ಟುಬಿಡುತ್ತದೆ. ಸಾಕ್ಷ್ಯಚಿತ್ರದಲ್ಲಿ ಏನೂ ಸುಡುವುದಿಲ್ಲ. ಹುಡುಗಿಯರು ಹೋಗುತ್ತಾರೆ, ಪಬ್ಬು ಇರುತ್ತದೆ, ಊರೂ ಇರುತ್ತದೆ.

ಇಂಥ ದೂರದ ಊರುಗಳಿಗೆ ಯುವಜನರು ಹೋಗುವುದು ಬರೀ ಹಣ ಮುಗಿದದ್ದರಿಂದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಆಸ್ಟ್ರೇಲಿಯಾದಲ್ಲಿ ಎರಡನೆಯ ವರ್ಷದ ವೀಸಾ ಬೇಕಾದರೆ ಮೊದಲ ವರ್ಷದಲ್ಲಿ ಮೂರು ತಿಂಗಳು, ಅಂದರೆ 88 ದಿನ, ನಗರದಾಚೆ ಸರ್ಕಾರ ಗೊತ್ತುಮಾಡಿದ ಬಗೆಯ ಕೆಲಸ ಮಾಡಿರಬೇಕು ಎಂಬ ನಿಯಮ 2005ರಿಂದ ಇದೆ. ಕೆಲವರಿಗೆ ಈಗ ವಿನಾಯಿತಿಯೂ ಸಿಕ್ಕಿದೆ. ಹಣ್ಣು ಕೀಳುವುದು, ತೋಟದ ಕೆಲಸ, ಇಂಥವು. ಆ ದಿನಗಳಿಗೆ ಸಹಿ ಹಾಕಬೇಕಾದವನು ಮಾಲೀಕ. 70ನೆಯ ದಿನ ಜಗಳವಾಡಿ ಹೊರಟರೆ ಕಳೆದುಕೊಳ್ಳುವುದು ಏನನ್ನು ಎಂದು ಇಬ್ಬರಿಗೂ ಗೊತ್ತು. ಹೀಗೆ ನಿಯಮವೇ ಕಥಾಹಂದರವಾಗುತ್ತದೆ. ಈ ವಿಷಯದ ಬಗ್ಗೆ ಬರೆಯುವವರು ಸೂರ್ಯಾಸ್ತದ ವರ್ಣನೆಗೆ ಕೊಡುವ ಗಮನದ ಅರ್ಧವನ್ನಾದರೂ ವೀಸಾದ ಷರತ್ತುಗಳಿಗೆ ಕೊಡಬೇಕು. ಯಾರು ಯಾರಿಗೆ ಏಕೆ ಮಣಿಯುತ್ತಾರೆ ಎಂಬುದು ಅಲ್ಲಿ ಬರೆದಿರುತ್ತದೆ.

*

ಮೂರನೆಯ ಕೃತಿಯ ನಾಯಕಿ ‘ಹೇಗೂ’ ಎಂಬ ಮಾತನ್ನೇ ಒಪ್ಪದವಳು. ಚಾಂಗ್ ಕಾಂಗ್‌ಮ್ಯಂಗ್ ಅವರ 2015ರ ಕೊರಿಯನ್ ಕಾದಂಬರಿಯ ಹೆಸರಿನ ಅರ್ಥ ‘ಕೊರಿಯಾ ಇಷ್ಟವಿಲ್ಲದ್ದರಿಂದ’. ಆ ಹೊತ್ತಿಗೆ ಕೊರಿಯಾದ ಯುವಜನರು ತಮ್ಮ ದೇಶವನ್ನು ‘ನರಕದ ಜೋಸೊನ್’ ಎಂದು ಹಳಿಯುತ್ತಿದ್ದರು. ಗ್ಯೇನಾ ಎಂಬ ಯುವತಿ ಕಚೇರಿಯ ಕೆಲಸವನ್ನೂ ಪ್ರಿಯಕರನನ್ನೂ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಡುತ್ತಾಳೆ. 2023ರಲ್ಲಿ ಚಾಂಗ್ ಕುನ್‌ಜೆ ಇದನ್ನು ಸಿನಿಮಾ ಮಾಡಿದಾಗ ಊರು ನ್ಯೂಜಿಲೆಂಡ್ ಆಯಿತು. ಆ ವರ್ಷದ ಬೂಸಾನ್ ಚಿತ್ರೋತ್ಸವದ ಉದ್ಘಾಟನಾ ಚಿತ್ರ ಅದು. ಗ್ಯೇನಾಳ ದಾರಿ ರಜೆಯದಲ್ಲ. ಓದು, ಅಂಗಡಿಗಳಲ್ಲಿ ಕೂಲಿ, ಮತ್ತೆ ಓದು, ಅಲ್ಲಿಯವಳೇ ಆಗುವ ಹಂಬಲ. ಹಾಗಿದ್ದರೂ ಬಿಡಾರದ ಬದುಕಿನ ಬಗ್ಗೆ ಅವಳಷ್ಟು ಬಿಚ್ಚುಮಾತಿನ ನಿರೂಪಕಿ ಅಪರೂಪ. ಗೆಳತಿಯೊಂದಿಗೆ ಹರಟುವ ಧಾಟಿಯಲ್ಲೇ ಇಡೀ ಕಾದಂಬರಿ ಸಾಗುತ್ತದೆ.

ಅವಳದೊಂದು ಲೆಕ್ಕವಿದೆ. ಸಂತೋಷದಲ್ಲಿ ಎರಡು ಬಗೆ: ಆಸ್ತಿಯಂಥದ್ದು, ದಿನದ ನಗದು ಹರಿವಿನಂಥದ್ದು. ಕೆಲವರು ಸಾಧಿಸಿದ್ದೊಂದರ ನೆನಪಿನ ಬಡ್ಡಿಯಲ್ಲಿ ವರ್ಷಗಟ್ಟಲೆ ಬದುಕಬಲ್ಲರು. ತನಗೆ ದಿನದಿನವೂ ಕೈಗೆ ಬರುವ ಸುಖವೂ ಬೇಕು. ಹಣಕಾಸು ಸಂಸ್ಥೆಯಲ್ಲಿ ಕೆಲಸ ಮಾಡಿದವಳ ಬಾಯಲ್ಲಿ ಈ ಹೋಲಿಕೆ ಸಹಜವಾಗಿ ಬರುತ್ತದೆ, ಸ್ವಲ್ಪ ನಗುವೂ ತರುತ್ತದೆ. ಆದರೆ ಇದನ್ನು ವರ್ಕಿಂಗ್ ಹಾಲಿಡೇಗೆ ಹಿಡಿದು ನೋಡಿ. ಆ ಒಂದು ವರ್ಷವನ್ನು ಮಾರುವುದು ‘ಜೀವಮಾನದ ನೆನಪು’ ಎಂಬ ಆಸ್ತಿಯಾಗಿ. ದಿನದ ಹರಿವಿನಲ್ಲಿ ಸಿಗುವುದು ಪಾತ್ರೆ ತೊಳೆಯುವುದು, ಆರು ಮಂದಿಯ ಕೋಣೆ, ಅರ್ಥವಾಗದ ಉಚ್ಚಾರ. ಇದೆಲ್ಲ ಮುಂದೆ ಹೇಳಿಕೊಳ್ಳಲು ಒಳ್ಳೆಯ ಕಥೆಯಾಗುತ್ತದೆ ಎಂದು ನಂಬಿ ಇಂದನ್ನು ಸಹಿಸುವುದು. ಗ್ಯೇನಾ ಆ ವ್ಯಾಪಾರವನ್ನು ನಿರಾಕರಿಸುತ್ತಾಳೆ. ಇಂದು ಬದುಕುವಂತಿರಬೇಕು, ಇಲ್ಲವಾದರೆ ಹೋಗುವುದೇಕೆ?

ಕಾದಂಬರಿಯ ಮಿತಿಯೂ ಇದರಲ್ಲೇ ಇದೆ. ಗ್ಯೇನಾ ಕೊರಿಯಾವನ್ನು ಎಷ್ಟು ಹತ್ತಿರದಿಂದ ಕಾಣುತ್ತಾಳೋ ಸಿಡ್ನಿಯನ್ನು ಅಷ್ಟು ಕಾಣುವುದಿಲ್ಲ. ಹೊಸ ನಗರ ಅವಳಿಗೆ ಮುಖ್ಯವಾಗಿ ಕೊರಿಯಾ ಅಲ್ಲದ ಒಂದು ಜಾಗ. ಕೀಕೀ ಗಡಿಯಾರದ ಗೋಪುರವನ್ನು, ಕಡಲನ್ನು, ಬೇಕರಿಯ ಬಿಸಿಯನ್ನು ನೋಡಿದ್ದಳು. ಗ್ಯೇನಾ ನೋಡುವುದು ಬೆಲೆಪಟ್ಟಿಗಳನ್ನು. ಒಬ್ಬಳು ಬಿಟ್ಟುಬಂದ ಊರನ್ನು ಮರೆತು ಹೊಸದನ್ನು ನೋಡುವಷ್ಟು ಹಗುರ. ಇನ್ನೊಬ್ಬಳ ಬೆನ್ನ ಮೇಲೆ ಬಿಟ್ಟುಬಂದ ಊರೇ ಕೂತಿದೆ. ಹೊರಟದ್ದು ಏಕೆ ಎಂಬುದು ತಲುಪಿದ ಊರು ಹೇಗೆ ಕಾಣುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ.

*

ಈಗ ನಮ್ಮ ಕಡೆಗೆ. ದುಡಿಮೆಗಾಗಿ ಕೆಲವು ಕಾಲ ಬೇರೆಡೆ ಬಿಡಾರ ಹೂಡಿದವರ ಕಥೆ ಕನ್ನಡಕ್ಕೆ ಹೊಸತಲ್ಲ. 1933ರ ‘ಚೋಮನ ದುಡಿ’ಯಲ್ಲಿ ಸಾಲ ತೀರಿಸಲೆಂದು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಕೆಲವು ತಿಂಗಳ ಮಾತೆಂದೇ ಅದೂ ಆರಂಭವಾಗುತ್ತದೆ. ಹೋದ ಹಾಗೆ ಅವರು ಮರಳುವುದಿಲ್ಲ. ಮುಂಬಯಿಯ ಹೋಟೆಲುಗಳಿಗೆ ಹೋದ ಕರಾವಳಿಯ ಹುಡುಗರು ಹಗಲು ಟೇಬಲ್ ಒರೆಸಿ ರಾತ್ರಿ ಶಾಲೆಗಳಲ್ಲಿ ಕನ್ನಡ ಓದಿದರು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಿ ಬಾಡಿಗೆ ಕೋಣೆ, ಹಂಚಿಕೊಂಡ ಹಾಸಿಗೆ, ಲೋಕಲ್ ರೈಲಿನ ನಡುವೆ ಅಪರಿಚಿತರು ಒಬ್ಬರಿಗೊಬ್ಬರು ಆಗಿಬರುವುದು ಎಷ್ಟು ಮೃದುವಾಗಿ ಬಂದಿದೆ ಎಂದು ಓದುಗರಿಗೆ ಹೇಳಬೇಕಿಲ್ಲ. ಆದರೆ ಇವರಲ್ಲಿ ಯಾರೂ ತಮ್ಮ ದಿನಗಳನ್ನು ರಜೆ ಎಂದು ಕರೆಯಲಿಲ್ಲ. ಕರೆಯುವ ಅವಕಾಶ ಅವರಿಗಿರಲಿಲ್ಲ.

ಆ ಅವಕಾಶ ಯಾರಿಗಿದೆ ಎಂಬುದೇ ಮುಖ್ಯ. ಒಂದೇ ತೋಟದಲ್ಲಿ ಒಂದೇ ಹಣ್ಣನ್ನು ಕೀಳುವ ಇಬ್ಬರಲ್ಲಿ ಒಬ್ಬರ ಕೆಲಸ ಸಾಹಸವಾಗುತ್ತದೆ, ಇನ್ನೊಬ್ಬರದು ಕೂಲಿಯಾಗಿಯೇ ಉಳಿಯುತ್ತದೆ. ವ್ಯತ್ಯಾಸ ಇರುವುದು ಕೈಚಳಕದಲ್ಲಲ್ಲ. ಬೇಡವೆನಿಸಿದ ದಿನ ಮನೆಗೆ ಹೋಗುವ ಟಿಕೆಟ್ಟಿಗೆ ಹಣ ಇದೆಯೇ ಇಲ್ಲವೇ ಎಂಬುದರಲ್ಲಿ. ಹ್ಯಾನಾ, ಲಿವ್‌ಳ ಕಥೆ ಭಯ ಹುಟ್ಟಿಸುವುದು ಟಿಕೆಟ್ ಇರುವವರ ಸಾಲಿನಿಂದ ಇಲ್ಲದವರ ಸಾಲಿಗೆ ಅವರು ಕೆಲವು ವಾರ ಜಾರಿಬಿದ್ದರು ಎಂಬುದಕ್ಕೆ. ಚೋಮನ ಮಕ್ಕಳು ಹುಟ್ಟಿದ್ದೇ ಆ ಸಾಲಿನಲ್ಲಿ.

ಲಾಟರಿಯಲ್ಲಿ ಗೆದ್ದು ಹೊರಡುವ ನಮ್ಮ ಯುವಕ ಯುವತಿಯರು ಈ ಎರಡು ಸಾಲುಗಳ ನಡುವೆ ನಿಲ್ಲುವವರು. ಅರ್ಜಿ ಹಾಕಲು ಪದವಿಪೂರ್ವದ ನಂತರ ಎರಡು ವರ್ಷವಾದರೂ ಓದಿರಬೇಕು, ಇಂಗ್ಲಿಷ್ ಬರಬೇಕು, ಕೈಯಲ್ಲಿ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ಇದೆಯೆಂದು ತೋರಿಸಬೇಕು. ಊರಲ್ಲಿ ಅವರು ಕೂಲಿಯವರಲ್ಲ. ಅಲ್ಲಿ ಹೋಗಿ ತಟ್ಟೆ ತೊಳೆಯುವಾಗ ಮಾಲೀಕನ ಕಣ್ಣಿಗೆ ಅವರು ರಜೆಗೆ ಬಂದವರಾಗಿ ಕಾಣುತ್ತಾರೋ, ನೆಲೆಯೂರಲು ಹವಣಿಸುವವರಾಗಿ ಕಾಣುತ್ತಾರೋ? ಫಿನ್ಲೆಂಡಿನವರಿಗೆ ಎದುರಾಗದ ಪ್ರಶ್ನೆ ಅವರಿಗೆ ಎದುರಾಗಬಹುದು. ಊರಲ್ಲಿ ತಮ್ಮ ತಟ್ಟೆ ತೊಳೆಯುತ್ತಿದ್ದವರು ಅವರಿಗೆ ಅಲ್ಲಿ ನೆನಪಾಗುತ್ತಾರೋ ಇಲ್ಲವೋ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಈ ಎರಡನ್ನೂ ಒಟ್ಟಿಗೆ ಕೇಳಿಕೊಂಡ ಬರವಣಿಗೆ ಕನ್ನಡದಲ್ಲಿ ಬಂದರೆ ಅದು ಕೀಕೀಯೂ ಹೇಳದ, ‘ರಾಯಲ್ ಹೋಟೆಲ್’ ಕೂಡ ಹೇಳದ ಸಂಗತಿಯನ್ನು ಹೇಳಬಲ್ಲದು.

ಅಂಥ ಬರವಣಿಗೆಗೆ ಬೇಕಾದ ಸಾಮಗ್ರಿ ದೊಡ್ಡದೇನೂ ಅಲ್ಲ. ಕೋಣೆಯ ವಾರದ ಬಾಡಿಗೆ ಎಷ್ಟು, ಅದನ್ನು ಎಷ್ಟು ಗಂಟೆ ದುಡಿದು ಕಟ್ಟಿದೆ, ಮೊದಲ ದಿನ ಯಾರು ಹೆಸರು ಕೇಳಿದರು, ಯಾರು ಕೇಳಲಿಲ್ಲ, ನನಗಿಂತ ಮುಂಚೆ ಆ ಹಾಸಿಗೆಯಲ್ಲಿ ಮಲಗಿದ್ದವರು ಯಾರು, ಈಗ ಎಲ್ಲಿದ್ದಾರೆ. ಮಿಯಾಝಾಕಿಯ ಚಿತ್ರ ಕೀಕೀ ಮನೆಗೆ ಬರೆದ ಕಾಗದದೊಂದಿಗೆ ಮುಗಿಯುತ್ತದೆ. ಕೆಲಸಕ್ಕೆ ಹೊಂದಿಕೊಂಡಿದ್ದೇನೆ, ಒಮ್ಮೊಮ್ಮೆ ಬೇಸರವಾಗುತ್ತದೆ, ಆದರೂ ಈ ಊರು ನನಗೆ ಹಿಡಿಸಿದೆ ಎಂಬುದು ಅದರ ಸಾರ. ಅಷ್ಟನ್ನು ಬರೆಯುವ ಹೊತ್ತಿಗೆ ಅವಳು ಹಿಟ್ಟಿನ ಧೂಳಿನ ಅಟ್ಟವನ್ನು ಗುಡಿಸಿ, ಮಳೆಯಲ್ಲಿ ನೆನೆದು, ಜ್ವರ ಬಂದು ಮಲಗಿ ಎದ್ದಿದ್ದಳು. ಆ ಕಾಗದವನ್ನು ನಾವು ನಂಬುವುದು ಅದರಿಂದ.